ಹನ್ನೊಂದು ಸೆಕೆಂಡಿನ ಒಗ್ಗರಣೆ

ಫರ್ಜಾನಾ ನದಾಫ್ ಅವರೇ, ಮೊದಲ ಸಾಲು ಹೀಗೆ ಬರೆದುಕೊಳ್ಳಿ. ಜಯತೀರ್ಥ ಗಲಗಲಿ ಎಂಬ ನಾನು, ವಯಸ್ಸು ಐವತ್ಮೂರು, ಧಾರವಾಡದ ನನ್ನ ಮನೆಯ ಪಡಸಾಲೆಯಲ್ಲಿ ಕೂತು ಈಗ ಹೇಳುವುದರಲ್ಲಿ ಒಂದೇ ಒಂದು ಅಕ್ಷರ ಸುಳ್ಳಿದ್ದರೂ ನಾಳೆಯಿಂದ ನನ್ನ ನಾಲಿಗೆಗೆ ಉಪ್ಪು ಖಾರ ತಿಳಿಯದೆ ಹೋಗಲಿ.

ಹುಬ್ಬು ಏರಿಸಬೇಡಿ. ನೀವು ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸುವಾಗ ಎದುರುಮನೆಯ ನಿಂಗಮ್ಮ ಏನು ಹೇಳಿದಳೆಂದು ನನಗೆ ಕೇಳಿಸಿದೆ. "ಮೇಡಂ, ಅವರು ಹೇಳಿದ್ದನ್ನ ಅರ್ಧಾ ಮಾಡ್ರಿ, ಉಳದದ್ದನ್ನ ಮತ್ತ ಅರ್ಧಾ ಮಾಡ್ರಿ, ಆಮ್ಯಾಲೆ ಬರಕೋರಿ" ಎಂದಳು. ಬೇರೆ ದಿನವಾಗಿದ್ದರೆ ನಾನೇ ಆ ಲೆಕ್ಕವನ್ನು ಒಪ್ಪುತ್ತಿದ್ದೆ. ಇವತ್ತು ಹಾಗೆ ಮಾಡಿದರೆ ಒಬ್ಬ ಮನುಷ್ಯ ಹೋಗುತ್ತಾನೆ.

ಈಗ ನಾಲ್ಕು ಗಂಟೆ ಐದು ನಿಮಿಷ. ಐದಕ್ಕೆ ಸರಿಯಾಗಿ, ನಿಮ್ಮ ನುಡಿ-ನಡೆ ಪ್ರಾಧಿಕಾರದ ಸಭಾಂಗಣದಲ್ಲಿ, ಬನಹಟ್ಟಿಯ ನೇಕಾರರ ಸಂಸದ ಮಹಾರುದ್ರಪ್ಪ ಕೊಪ್ಪದ ತಪ್ಪೊಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತಾರೆ. ಹಾಕಿದರೆ, ಹದಿನಾಲ್ಕು ವರ್ಷ ತನ್ನ ಜನಕ್ಕೆ ಸುಳ್ಳು ಹೇಳಿದವನೆಂದು ದೇಶದ ದಾಖಲೆಯಲ್ಲಿ ಅವರ ಹೆಸರು ಸೇರುತ್ತದೆ. ಅದಕ್ಕೂ ಮೊದಲು ನಿಮ್ಮ ಕೈಯ ಕಾಗದ ಅಲ್ಲಿ ಮುಟ್ಟಬೇಕು. ಫೋನಿನಲ್ಲಿ ಹೇಳಿಬಿಡೋಣವೆಂದರೆ, ಯಾರ ದನಿಯನ್ನು ಬೇಕಾದರೂ ಯಂತ್ರ ಹುಟ್ಟಿಸಿ ಕೊಡುವ ಕಾಲ ಇದು. ಅಧಿಕಾರಿ ಮುಖ ನೋಡಿ ಕೈಯಾರೆ ಬರೆದುಕೊಂಡ ಹೇಳಿಕೆಗೆ ಮಾತ್ರ ಬೆಲೆ. ಇಲ್ಲಿಂದ ಅಲ್ಲಿಗೆ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷ. ಸಾಕಷ್ಟು ಹೊತ್ತಿದೆ. ನಾನು ಗಡಬಡಿಸುವ ಮನುಷ್ಯನಲ್ಲ.

ನಿಮ್ಮ ಪ್ರಶ್ನೆ ಗೊತ್ತು. ಆ ಹನ್ನೊಂದು ಸೆಕೆಂಡಿನಲ್ಲಿ ನಾನು ಏನು ಹೇಳಿದೆ, ಅಕ್ಷರಶಃ. ಬಂದೆ, ಅಲ್ಲಿಗೇ ಬಂದೆ. ಆದರೆ ಬರೀ ಅಷ್ಟನ್ನೇ ಹೇಳಿದರೆ ನಿಮ್ಮ ಮೇಲಿನವರು, "ಈ ಆಚಾರಿಗೆ ತಲಿ ಕೆಟ್ಟದ" ಎಂದು ಕಾಗದ ಬದಿಗಿಡುತ್ತಾರೆ. ಬೇರು ತಿಳಿಯದೆ ಗಿಡ ತಿಳಿಯುವುದಿಲ್ಲ.

ಬೇರು ಎಂದರೆ ಧ್ವನಿಮತ. ಸದನದಲ್ಲಿ ನೂರಕ್ಕೆ ತೊಂಬತ್ತು ನಿರ್ಣಯ ಕೂಗಿನಲ್ಲೇ ಮುಗಿಯುತ್ತಿದ್ದವು. ಪರವಾಗಿರುವವರು ಹೌದು ಎನ್ನಿ, ವಿರುದ್ಧ ಇರುವವರು ಇಲ್ಲ ಎನ್ನಿ. ಯಾವ ಕೂಗು ದೊಡ್ಡದೋ ಅದು ಗೆದ್ದಿತು. ಯಾರು ಏನು ಕೂಗಿದರೆಂದು ದೇವರಿಗೂ ಗೊತ್ತಿರಲಿಲ್ಲ. ಇದು ಬಹಳ ಸುಖದ ವ್ಯವಸ್ಥೆಯಾಗಿತ್ತು. ಒಳಗೆ ಹೌದು ಎಂದು ಕೂಗಿ, ಹೊರಗೆ ಬಂದು ಇಲ್ಲ ಎಂದೆ ಎಂದರೆ ಕೇಳುವವರಿಲ್ಲ.

ಆಮೇಲೆ ಜರಡಿ ಬಂತು. ಅದಕ್ಕೆ ಉದ್ದನೆಯ ಹೆಸರೊಂದಿದೆ, ಯಾರೂ ಬಳಸುವುದಿಲ್ಲ. ಸದನದ ಚಾವಣಿಯಲ್ಲಿ ಮೊದಲಿನಿಂದಲೂ ನಲವತ್ತೆಂಟು ಮೈಕುಗಳು ತೂಗುತ್ತಿದ್ದವು, ಇಡೀ ದಿನ ಎಲ್ಲವನ್ನೂ ಮುದ್ರಿಸಿಕೊಳ್ಳುತ್ತಿದ್ದವು. ಶಬ್ದ ಒಂದು ಮೀಟರ್ ಹೋಗಲು ಸೆಕೆಂಡಿನ ಸಾವಿರದಲ್ಲಿ ಮೂರು ಪಾಲು ಬೇಕು. ಒಂದೇ ಕೂಗು ಹತ್ತಿರದ ಮೈಕಿಗೆ ಮೊದಲು, ದೂರದ್ದಕ್ಕೆ ಕೂದಲೆಳೆಯಷ್ಟು ತಡವಾಗಿ ಮುಟ್ಟುತ್ತದೆ. ಆ ತಡವನ್ನು ಅಳೆದರೆ ಕೂಗು ಯಾವ ಕುರ್ಚಿಯಿಂದ ಎದ್ದಿತೆಂದು ತಿಳಿಯುತ್ತದೆ. ಅದರ ಮೇಲೆ ಆ ಸದಸ್ಯನ ದನಿಯ ಗುರುತು ಹೊಂದಿಸಿದರೆ ಮುಗಿಯಿತು. ಐದುನೂರು ಜನರ ಗದ್ದಲ ಮೇಲೆ ಸುರಿದರೆ ಕೆಳಗೆ ಒಂದೊಂದೇ ದನಿ ಕಾಳಿನಂತೆ ಬೀಳುತ್ತದೆ. ಮೊದಮೊದಲು ಒಬ್ಬ ಸದಸ್ಯರ ಹೊಟ್ಟೆ ಗುರ್ ಎಂದಿದ್ದು ಮೂರು ಮಸೂದೆಗಳಿಗೆ ಬೆಂಬಲವೆಂದು ದಾಖಲಾಯಿತು. ಅವರು ಮೇಲ್ಮನವಿ ಹಾಕಿ ಗೆದ್ದರು, ಆದರೆ ವೈದ್ಯರ ಸರ್ಟಿಫಿಕೇಟ್ ಕೊಡಬೇಕಾಯಿತು.

ನಗಬೇಡಿ, ಬರೆದುಕೊಳ್ಳಿ.

ಜನ ಹೊಂದಿಕೊಳ್ಳುವುದರಲ್ಲಿ ಗಟ್ಟಿಗರು. ಆರು ತಿಂಗಳಲ್ಲಿ ಫೋನಿನೊಳಗೇ ಸಣ್ಣ ಜರಡಿಗಳು ಬಂದವು. ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ಹನ್ನೆರಡು ಜನರ ಪೈಕಿ ಹಾಡುತ್ತಿದ್ದವರು ನಾಲ್ಕೇ ಜನ, ಉಳಿದವರು ಬಾಯಿ ಮಾತ್ರ ಆಡಿಸುತ್ತಿದ್ದರೆಂದು ಗೊತ್ತಾಗಿ ಮಂಡಳಿ ಒಡೆಯಿತು. ನೇಕಾರರ ಸೊಸೈಟಿಯ ಸಭೆಗಳಲ್ಲಿ ಮೊದಲು ಎಲ್ಲದಕ್ಕೂ ಎಲ್ಲರೂ "ಹೂಂ" ಎನ್ನುತ್ತಿದ್ದರು. ಈಗ ಹೂಂ ಎನ್ನಲೂ ಹೆದರಿ ಕತ್ತು ಆಡಿಸುತ್ತಾರೆ.

ಇದರ ಮೇಲೆ ಕಾಯ್ದೆ ಬಂತು, ನಿಮ್ಮ ಪ್ರಾಧಿಕಾರ ಬಂತು. ಸಂಸದರು ಹೊರಗೆ ಆಡಿದ ನುಡಿ, ಒಳಗೆ ಹಾಕಿದ ಮತ, ಎರಡನ್ನೂ ತಾಳೆ ನೋಡಿ ನೂರಕ್ಕೆ ಇಷ್ಟು ಎಂದು ಅಂಕ. ನಲವತ್ತಕ್ಕಿಂತ ಕಡಿಮೆ ಬಂದರೆ ಚುನಾವಣೆಗೆ ನಿಲ್ಲುವಂತಿಲ್ಲ. ಇಲ್ಲಿಯವರೆಗೆ ನಿಮಗೂ ಗೊತ್ತಿದ್ದದ್ದು. ಹೌದು, ನಾಲ್ಕು ಹನ್ನೆರಡು. ನನ್ನ ಗೋಡೆಯ ಗಡಿಯಾರ ಎರಡು ನಿಮಿಷ ಮುಂದಿದೆ.

ಹದಿನಾಲ್ಕು ವರ್ಷದ ಹಿಂದೆ ಸದನಕ್ಕೆ ಮಗ್ಗ ಮೀಸಲು ರದ್ದತಿ ಮಸೂದೆ ಬಂತು. ಕೆಲವು ಬಗೆಯ ಸೀರೆಗಳನ್ನು ಕೈಮಗ್ಗದಲ್ಲೇ ನೇಯಬೇಕೆಂಬ ನಿಯಮ ತೆಗೆದುಹಾಕುವ ರಾಷ್ಟ್ರೀಯ ನೀತಿ. ಮಹಾರುದ್ರಪ್ಪನವರು ಸ್ವತಃ ನೇಕಾರರ ಮನೆಯವರು. ಮಸೂದೆ ಪಾಸಾಯಿತು. ಅವರು ಊರಿಗೆ ಬಂದು ಸೊಸೈಟಿಯ ಕಟ್ಟೆ ಹತ್ತಿ ಹೇಳಿದರು: "ಐದುನೂರು ಮಂದಿ ಹೌದು ಅಂದ್ರು. ನಾ ಒಬ್ಬಂವ ಎದ್ದು ನಿಂತು ಇಲ್ಲ ಅಂದೆ! ಎಲ್ಲಾರೂ ನಕ್ಕರು. ನೇಕಾರನ ಮಗ ಅಂತ ನಕ್ಕರು. ನಗಲಿ!"

ಜನ ಅತ್ತರು. ಆ ಒಂದು ಮಾತಿನ ಮೇಲೆ ಅವರು ಮೂರು ಚುನಾವಣೆ ಗೆದ್ದರು. ಅವರು ಅದನ್ನು ಬಹಿರಂಗವಾಗಿ ನಾನೂರ ಹನ್ನೆರಡು ಸಲ ಹೇಳಿದ್ದಾರೆಂದು ನಿಮ್ಮವರೇ ಎಣಿಸಿದ್ದಾರೆ.

ಕಳೆದ ತಿಂಗಳು ಆ ದಿನದ ಮುದ್ರಿಕೆಯನ್ನು ಜರಡಿಗೆ ಹಾಕಿದರು. ನಾನು ಅಲ್ಲೇ ಇದ್ದೆ. ಕನ್ನಡದ ದನಿಗಳನ್ನು ಗುರುತಿಸಿ ಖಾತ್ರಿಪಡಿಸಲು ಜರಡಿ ಕೇಂದ್ರದವರು ನನ್ನನ್ನು ಕರೆಸಿಕೊಂಡಿದ್ದರು. ತಣ್ಣಗಿನ ಕೋಣೆ, ಗೋಡೆ ತುಂಬ ಪರದೆ, ಪರದೆ ತುಂಬ ಸಾಲು ಕುರ್ಚಿಗಳ ಚಿತ್ರ. ಹೌದು ಎಂದ ಕುರ್ಚಿ ಹಸಿರಾಗಿ ಬೆಳಗುತ್ತದೆ, ಇಲ್ಲ ಎಂದದ್ದು ಕೆಂಪಾಗಿ. ಕೇಂದ್ರದ ಮುಖ್ಯಸ್ಥೆ ವಿನುತಾ ಅಂಗಡಿ ಗುಂಡಿ ಒತ್ತಿದರು. ಮಸೂದೆ ಪಾಸು ಮಾಡಬೇಕೇ ಎಂಬ ಪ್ರಶ್ನೆಗೆ ಇನ್ನೂರ ಹದಿನೇಳನೇ ಕುರ್ಚಿ ಬೆಳಗಿತು. ಹಸಿರು.

"ಆಚಾರ್ರ, ದನಿ ಕೇಳಿ ಹೇಳ್ರಿ," ಎಂದರು ವಿನುತಾ.

ಸ್ಪೀಕರಿನಿಂದ ಒಂದೇ ಒಂದು ದನಿ ಬಂತು. "ಹೌದು!" ಗಡಸು, ಕೊನೆಗೆ ಸ್ವಲ್ಪ ಮೂಗಿನಲ್ಲಿ ಇಳಿಯುವುದು. ಮಹಾರುದ್ರಪ್ಪ ಕೊಪ್ಪದರದೇ.

"ಅವರದೇ ಹೌದಲ್ಲರಿ?"

"ಅವರದೇ," ಎಂದೆ.

ಆಮೇಲೆ ಅವರು ಮುದ್ರಿಕೆಯನ್ನು ಹಾಗೇ ಓಡಲು ಬಿಟ್ಟರು. ಮಸೂದೆ ಪಾಸಾಯಿತೆಂದು ಘೋಷಣೆಯಾಯಿತು. ಸಭಾಧ್ಯಕ್ಷರು, "ಸದನವನ್ನು ಊಟಕ್ಕೆ ಮುಂದೂಡೋಣವೇ?" ಎಂದು ಕೇಳಿದರು. ಆಗ, ಆ ನಿಶ್ಶಬ್ದದಲ್ಲಿ, ಇನ್ನೂರ ಹದಿನೇಳನೇ ಕುರ್ಚಿ ಕೆಂಪಾಗಿ ಉರಿಯಿತು. ಮಹಾರುದ್ರಪ್ಪನವರು ಎದೆ ಬಿರಿಯುವಂತೆ "ಇಲ್ಲ!" ಎಂದು ಕೂಗಿದ್ದರು. ಅದರ ಹಿಂದೆಯೇ ಐದುನೂರು ಜನರ ನಗು.

ವಿನುತಾ ಕೂಡ ನಕ್ಕರು. "ಮಸೂದೆಗೆ ಹೌದು, ಊಟಕ್ಕ ಇಲ್ಲ. ಎಂಥಾ ಮನುಷ್ಯಾರಿ ಇವರು?"

ನನಗೆ ಮಾತ್ರ ನಗು ಬರಲಿಲ್ಲ. ಯಾಕೆಂದರೆ ಆ ದಿನ ಸದನದಲ್ಲಿ ಕನ್ನಡ ಅನುವಾದದ ಗಾಜಿನ ಗೂಡಿನಲ್ಲಿ ಕೂತಿದ್ದವನು ನಾನೇ.

ಅಲ್ಲಿಯ ಪದ್ಧತಿ ಹೀಗಿತ್ತು. ಸಭಾಧ್ಯಕ್ಷರು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಹೇಳಿದ್ದನ್ನು ನಾನು ಮೂರು ಸೆಕೆಂಡಿನೊಳಗೆ ಕನ್ನಡದಲ್ಲಿ ಹೇಳಬೇಕು. ಬೇಕಾದ ಸದಸ್ಯರು ಕಿವಿಗೆ ಯಂತ್ರ ಹಾಕಿಕೊಂಡು ಕೇಳುತ್ತಾರೆ. ಆ ದಿನ ನನ್ನ ವಾಹಿನಿಗೆ ಮೂರು ಕಿವಿಗಳಿದ್ದವು. ಒಂದು ನಿದ್ದೆಯಲ್ಲಿತ್ತು, ಇನ್ನೊಂದನ್ನು ಮೇಜಿನ ಮೇಲೆ ಬಿಟ್ಟು ಅದರ ಒಡೆಯರು ಚಹಾಕ್ಕೆ ಹೋಗಿದ್ದರು. ಮೂರನೆಯದು ಮಹಾರುದ್ರಪ್ಪನವರದು. ಅವರಿಗೆ ಬರುತ್ತಿದ್ದದ್ದು ಕನ್ನಡ ಒಂದೇ. ಸದನವೆಂದರೆ ಅವರಿಗೆ ನನ್ನ ದನಿ.

ದಿನಕ್ಕೆ ಎಂಟು ತಾಸು ಕಲಮು, ಉಪಕಲಮು, ತಿದ್ದುಪಡಿ. ಒಂದು ದಿನ ಅವರೇ ನನ್ನ ಗೂಡಿನ ಬಾಗಿಲಿಗೆ ಬಂದು ಹೇಳಿದ್ದರು: "ಆಚಾರ್ರ, ಬರೇ ಬ್ಯಾಳಿ ಕುದಿಸಿ ಹಾಕಿದ್ರ ಹ್ಯಾಂಗ ಉಣ್ಣೂದ್ರಿ? ನಡುನಡುವ ಒಂದೀಟು ಒಗ್ಗರಣಿ ಕೊಡ್ರಲಾ. ನಿದ್ದಿ ಹಾರತೈತಿ." ಅಂದಿನಿಂದ ನಾನು ಅಲ್ಲೊಂದು ಇಲ್ಲೊಂದು ಕಥೆ ಸೇರಿಸುತ್ತಿದ್ದೆ. ಎರಡು ಸೆಕೆಂಡು, ಮೂರು ಸೆಕೆಂಡು. ಅವರು ಕೆಳಗಿನಿಂದ ನನ್ನ ಗಾಜಿನ ಕಡೆ ನೋಡಿ ಮೀಸೆಯಲ್ಲಿ ನಗುತ್ತಿದ್ದರು.

ಮಗ್ಗದ ಮಸೂದೆಯ ದಿನ ಸಭಾಧ್ಯಕ್ಷರಿಗೆ ಹಸಿವಾಗಿತ್ತು. ಇಪ್ಪತ್ತೆರಡು ಪ್ರಶ್ನೆಗಳನ್ನು ನಾಲ್ಕು ನಿಮಿಷದಲ್ಲಿ ಓಡಿಸಿದರು. ಕೊನೆಯಲ್ಲಿ ಒಂದು ತಿದ್ದುಪಡಿ: ಸೆರಗನ್ನೂ ಒಡಲನ್ನೂ ಕೈಯಿಂದ ಕೊಂಡಿ ಹಾಕಿ ಕೂಡಿಸುವ ಸೀರೆಗಳಿಗಾದರೂ ಮೀಸಲು ಉಳಿಸಿ ಎಂದು. ಅದನ್ನು ಅನುವಾದ ಮಾಡುವಾಗ ನನಗೊಂದು ಕಥೆ ನೆನಪಾಯಿತು. ಹಾಕಿದೆ. ಹನ್ನೊಂದು ಸೆಕೆಂಡು.

ಆ ಹನ್ನೊಂದು ಸೆಕೆಂಡಿನಲ್ಲಿ ತಿದ್ದುಪಡಿ ಬಿದ್ದುಹೋಗಿತ್ತು. ನಾನು "ತಿದ್ದುಪಡಿಗೆ ಪರವಾಗಿರುವವರು?" ಎಂದಾಗ ಮಹಾರುದ್ರಪ್ಪನವರು "ಹೌದು" ಎಂದರು. ಅಷ್ಟರಲ್ಲಿ ಸದನ ಮಸೂದೆಗೇ ಹೌದು ಎನ್ನುತ್ತಿತ್ತು. ನಾನು "ಮಸೂದೆಗೆ ವಿರುದ್ಧ ಇರುವವರು?" ಎಂದಾಗ ಅವರು ಎದ್ದು ನಿಂತು "ಇಲ್ಲ" ಎಂದರು. ಅಷ್ಟರಲ್ಲಿ ಸದನ ಊಟಕ್ಕೆ ಏಳುತ್ತಿತ್ತು. ಆ ಮನುಷ್ಯ ಸುಳ್ಳು ಹೇಳಿಲ್ಲ ಮೇಡಂ. ಸದನ ನಕ್ಕಿದ್ದು ನಿಜ. ಯಾಕೆ ನಕ್ಕಿತೆಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಇದನ್ನು ಅವತ್ತೇ ಜರಡಿ ಕೋಣೆಯಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ಅನುವಾದಕನಾಗಿ ನಾನು ಪ್ರಮಾಣ ಮಾಡಿದ್ದೆ, ಇದ್ದದ್ದನ್ನು ಇದ್ದಂತೆ ಹೇಳುತ್ತೇನೆಂದು. ಇದ್ದದ್ದು ಇಷ್ಟೇ, ನನಗೆ ಹೆದರಿಕೆಯಾಯಿತು. ಖಾತ್ರಿಪತ್ರಕ್ಕೆ ಸಹಿ ಹಾಕಿ ಮನೆಗೆ ಬಂದು ಮೊಸರನ್ನ ಉಂಡೆ.

ಮರುದಿನ ಆ "ಹೌದು" ಹೊರಬಿತ್ತು. ಊಟದ "ಇಲ್ಲ" ಮಸೂದೆಯ ಮತವಲ್ಲವೆಂದು ಆ ಕೋಣೆಯಲ್ಲೇ ಉಳಿಯಿತು. ನಾನೂರ ಹನ್ನೆರಡು ಸಲ ಹೇಳಿದ್ದು ನಾನೂರ ಹನ್ನೆರಡು ಸುಳ್ಳಾಗಿ ಎಣಿಕೆಯಾಗಿ ಅವರ ಅಂಕ ಅರವತ್ತೊಂದರಿಂದ ಒಂಬತ್ತಕ್ಕೆ ಇಳಿಯಿತು. ಬನಹಟ್ಟಿಯಲ್ಲಿ ಜನ ಆ ಒಂದು ಸೆಕೆಂಡಿನ ದನಿಯನ್ನು ಫೋನಿನ ಕರೆಗಂಟೆ ಮಾಡಿಕೊಂಡರು. ಅವರು ಓಣಿಯಲ್ಲಿ ಹೊರಟರೆ ಅಂಗಡಿಗಳೊಳಗಿಂದ "ಹೌದು! ಹೌದು!" ಎಂದು ಕೇಳಿಬರುತ್ತಿತ್ತು. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಅವರು ಕೂತೊಡನೆ ಎಡಬಲದವರು ಎಲೆ ಬಿಟ್ಟು ಎದ್ದರು.

ನಾಲ್ಕು ಇಪ್ಪತ್ತೊಂದು. ನೋಡಿದೆ. ಇನ್ನೊಂದೇ ಮಾತು, ಅದು ಇಲ್ಲದಿದ್ದರೆ ನಡೆಯದು.

ಹೋದ ವಾರ ತಡೆಯಲಾಗದೆ ಬನಹಟ್ಟಿಗೆ ಹೋದೆ. ಅವರ ಮನೆಯ ಒಳಕೋಣೆಯಲ್ಲಿ, ನೆಲದ ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುವ ಕುಣಿಮಗ್ಗ ಇನ್ನೂ ಇದೆ. ಸಂಸದರ ಹೆಂಡತಿಯಾದರೂ ನೀಲವ್ವ ದಿನಕ್ಕೆ ನಾಲ್ಕು ತಾಸು ನೇಯುವುದನ್ನು ಬಿಟ್ಟಿಲ್ಲ. ಆಕೆ ನೇಯುತ್ತಿದ್ದರು. ಗಂಡ ಬಾಗಿಲ ಬಳಿ ಕೂತು ಫೋನು ಕಿವಿಗಿಟ್ಟುಕೊಂಡು ಆ "ಹೌದು" ಎಂಬ ದನಿಯನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು. ಮೂರು ವಾರದಿಂದ ಗಂಡ ಹೆಂಡತಿ ಮಾತಾಡಿರಲಿಲ್ಲ.

"ಆಚಾರ್ರ, ಚಲೋ ಆತು ಬಂದ್ರಿ," ಎಂದರು. "ಈ ದನಿ ನಂದ ಏನ್ರಿ?"

"ನಿಮ್ಮದೇ ರೀ, ಸಾಹೇಬ್ರ."

"ಹಂಗಾದ್ರ ನಾನ ಅಂದಿದ್ದೇನು. ನನ್ನ ನೆಪ್ಪಿನ್ಯಾಗ ಇಲ್ಲ ಅಂದಂಗೈತಿ. ಮಿಷಿನ್ನಿಗೇನು ನನ್ನ ಮ್ಯಾಲೆ ಹಗಿ ಐತೇನ್ರಿ? ನಂದ ನೆಪ್ಪು ಸುಳ್ಳಿರಬೇಕು. ಸಹಿ ಹಾಕಿಬಿಡತೀನಿ."

ಅವರ ಮುಖ ನೋಡಿದೆ. ಹದಿನಾಲ್ಕು ವರ್ಷ ಎದೆಯ ಮೇಲೆ ಹೊತ್ತ ಒಂದು ಮಾತನ್ನು ಯಂತ್ರ ಕಿತ್ತುಕೊಂಡಿತ್ತು, ಅವರು ಅದಕ್ಕೂ ಹೂಂ ಎಂದಿದ್ದರು. ಆಗ ಹೇಳಿದೆ. ಎಲ್ಲವನ್ನೂ. ಊಟದ ಮಾತನ್ನೂ.

ಅವರು ಫೋನನ್ನು ಕಿವಿಯಿಂದ ಇಳಿಸಿದರು. ಬೈಯುತ್ತಾರೆಂದುಕೊಂಡೆ. ಆಮೇಲೆ ಮೆಲ್ಲಗೆ ಕೇಳಿದರು: "ಅಂದ್ರ ಅವತ್ತ ಅವರು ನಕ್ಕಿದ್ದು ನೇಕಾರರಿಗಲ್ಲ?"

"ಅಲ್ಲರಿ. ಊಟಾ ಬ್ಯಾಡ ಅಂದಿರಿ ಅಂತ."

"ಇದನ್ನ ಯಾರಿಗೂ ಹೇಳಬ್ಯಾಡ್ರಿ," ಎಂದರು. "ಕೈ ಮುಗೀತೀನಿ. ಮೋಸಗಾರ ಅಂದ್ರ ಮಂದಿ ಐದು ವರ್ಷಕ್ಕ ಮರೀತಾರ. ಊಟಕ್ಕ ಇಲ್ಲ ಅಂದಾಂವ ಅಂದ್ರ ನನ್ನ ಮರಿಮೊಮ್ಮಕ್ಕಳ ಲಗ್ನದಾಗೂ ನಗತಾರ. ನಾ ಸಹಿ ಹಾಕತೀನಿ."

ಮಗ್ಗದ ಸಪ್ಪಳ ನಿಂತಿತು. ನೀಲವ್ವ ಕುಣಿಯಿಂದ ಎದ್ದು ಬಂದರು. ಮೂರು ವಾರದ ಮೇಲೆ ಗಂಡನ ಮುಖವನ್ನು ನೇರ ನೋಡಿದರು.

"ಅಂದಿದ್ರೋ ಇಲ್ಲೋ?"

"ಅಂದಿದ್ದೆ. ತಡಾ ಆಗಿತ್ತಂತ."

"ತಡಾ ಆದ್ರ ಆಗಲಿ. ಇಲ್ಲ ಅಂದಿದ್ರಿ." ಆಕೆ ನನ್ನತ್ತ ತಿರುಗಿದರು. "ಆಚಾರ್ರ, ನನ್ನ ಗಂಡ ಶ್ಯಾಣ್ಯಾ ಅಲ್ಲ ಅಂತ ನನಗ ಲಗ್ನ ಆದ ದಿನಾನ ಗೊತ್ತಾಗೇತಿ. ಮೋಸಗಾರ ಅಂತ ಮಾತ್ರ ನಾ ಸಾಯೂತನಕಾ ಒಪ್ಪಂಗಿಲ್ಲ. ನಗೋರು ನಗಲಿ. ನೀವು ಬರದು ಕೊಡ್ರಿ."

"ಏ, ನನ್ನ ಮಾನದ ಮಾತೈತಿ ಇದು," ಎಂದರು ಅವರು.

"ನಂದೂ ಐತಿ," ಎಂದರು ಆಕೆ.

ನೀಲವ್ವನವರೇ ಪ್ರಾಧಿಕಾರಕ್ಕೆ ಅರ್ಜಿ ಬರೆದರು, ಸಾಕ್ಷಿಯೊಬ್ಬ ಇದ್ದಾನೆ, ಕೇಳಿ ಎಂದು. ಅರ್ಜಿ ಆರು ಮೇಜು ದಾಟಿ ನಿಮ್ಮ ಕೈಗೆ ಬರುವಷ್ಟರಲ್ಲಿ ಕೊನೆಯ ದಿನವಾಗಿದೆ. ಈಗ ಅವರು ನಿಮ್ಮ ಕಚೇರಿಯ ಗೇಟಿನ ಹೊರಗೆ ಕೂತಿದ್ದಾರಂತೆ. ಗಂಡ ಒಳಗೆ ಪೆನ್ನು ಹಿಡಿದು ಕೂತಿದ್ದಾರೆ, ಐದು ಬಾರಿಸಲಿ ಎಂದು.

ನನ್ನ ಕನ್ನಡ ವಾಹಿನಿಯ ಮುದ್ರಿಕೆಯನ್ನು ಯಾರೂ ಇಟ್ಟಿಲ್ಲ. ಹಾಗಾಗಿ ಬರೀ ನನ್ನ ಬಾಯಿಮಾತು ಸಾಲದು. ಆದರೆ ವಿನುತಾ ಅಂಗಡಿ ನಿಮಗೆ ಹೇಳಿದ್ದನ್ನು ಇವತ್ತು ಬೆಳಿಗ್ಗೆ ಫೋನಿನಲ್ಲಿ ನೀವೇ ನನಗೆ ಹೇಳಿದಿರಿ: ಕಿವಿಯ ಯಂತ್ರದಿಂದ ಸೋರಿದ ದನಿ, ಸೊಳ್ಳೆ ಗುಂಯ್ ಎಂದಷ್ಟು, ಮೇಲಿನ ಮೈಕಿಗೆ ಮುಟ್ಟಿರುತ್ತದೆ. ಹುಡುಕಬಹುದು, ನಾಲ್ಕು ನಿಮಿಷದ ಕೆಲಸ. ಆದರೆ ಜರಡಿಗೆ ಗೊತ್ತಿಲ್ಲದ್ದನ್ನು ಅದು ಹುಡುಕಲಾರದು. ಯಾವ ಮಾತು, ಯಾವ ಕ್ರಮದಲ್ಲಿ, ಅಕ್ಷರಶಃ ಬೇಕು. ಒಂದು ಪದ ಹೆಚ್ಚುಕಡಿಮೆಯಾದರೂ ಬರೀ ಹೊಟ್ಟು ಬೀಳುತ್ತದೆ. ಹುಡುಕಾಟಕ್ಕೆ ಇರುವುದು ಒಂದೇ ಅವಕಾಶ.

ನನ್ನ ತೊಂದರೆ ಈಗ ನಿಮಗೆ ತಿಳಿಯಿತೇ? ಆ ಕಥೆಗೆ ನನ್ನಲ್ಲಿ ಹದಿನೇಳು ಪಾಠಗಳಿವೆ. ಮದುವೆಮನೆಯಲ್ಲಿ ಹೇಳುವುದು ಬೇರೆ, ರೈಲಿನಲ್ಲಿ ಹೇಳುವುದು ಬೇರೆ, ಒಂದರಲ್ಲಂತೂ ಬ್ರಿಟಿಷ್ ಕಲೆಕ್ಟರ್ ಬರುತ್ತಾನೆ. ಬೆಳಗಿನಿಂದ ಕಣ್ಣು ಮುಚ್ಚಿ ಆ ಗೂಡಿನಲ್ಲೇ ಕೂತಿದ್ದೇನೆ. ಎದುರಿಗೆ ಮೈಕು, ಬಲಕ್ಕೆ ನೀರಿನ ಲೋಟ, ಕೆಳಗೆ ಮಹಾರುದ್ರಪ್ಪನವರ ತಲೆಯ ಪಟಕ. ನಡುವೆ ಮೇಲ್ವಿಚಾರಕರು ಗಾಜು ಬಡಿದರು. ಹೌದು, ಬಡಿದರು! ಅದಕ್ಕೇ ನಾನು ಅವತ್ತು ಆ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದೆ. ಹುಟ್ಟಿದಾಗಿನಿಂದ ನಾನು ಅರ್ಧಕ್ಕೆ ಬಿಟ್ಟ ಕಥೆ ಅದೊಂದೇ. ಕಲೆಕ್ಟರ್ ಇಲ್ಲ, ಅಲಂಕಾರ ಇಲ್ಲ.

ನಾಲ್ಕು ಇಪ್ಪತ್ತೊಂಬತ್ತು. ಗಡಿಯಾರ ಹಿಡಿದುಕೊಳ್ಳಿ. ಪೆನ್ನು ಸಿದ್ಧವೇ? ನಾನು ಆವತ್ತಿನ ವೇಗದಲ್ಲೇ ಹೇಳುತ್ತೇನೆ, ನೀವು ಬರೆಯುತ್ತ ಹೋಗಿ.

"ನಮ್ಮ ಸೋದರತ್ತಿ ಹಂತ್ಯಾಕ ಒಂದು ಇಳಕಲ್ ಸೀರಿ ಇತ್ತು, ಕೈಕೊಂಡಿದು. ಒಮ್ಮೆ ಬಾವ್ಯಾಗ ಎಮ್ಮಿ ಬಿತ್ತು. ಹಗ್ಗ ಸಿಗಲಿಲ್ಲ. ಅತ್ತಿ ಪೆಟಿಗ್ಯಾಗಿನ ಸೀರಿ ತಗದು ಇಳಿಬಿಟ್ಟಳು. ಎಮ್ಮಿ ಬಾಯಾಗ ಸೆರಗು ಹಿಡೀತು."

ಎಷ್ಟಾಯಿತು? ಹನ್ನೊಂದೇ? ಸರಿಯಾಗಿ ಹನ್ನೊಂದೇ?

ನೋಡಿದಿರಾ ಮೇಡಂ! ಇಷ್ಟೇ, ಇದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ಸಹಿ ಎಲ್ಲಿ, ಇಲ್ಲಿಯೇ? ಆಯಿತು. ಕೆಳಗೂ ಒಂದೇ? ಆಯಿತು. ಅವತ್ತು ಗಾಜು ಬಡಿದದ್ದು ಇಲ್ಲಿಗೇ. ಆದರೆ ಮುಂದಿನದನ್ನು ಕೇಳದಿದ್ದರೆ ಆ ಕೊಂಡಿಯ ಗಟ್ಟಿತನ ನಿಮಗೆ ಹೇಗೆ ತಿಳಿಯಬೇಕು? ಚಪ್ಪಲಿ ಯಾಕೆ ಹಾಕಿಕೊಳ್ಳುತ್ತಿದ್ದೀರಿ, ಅರ್ಧ ನಿಮಿಷದ ಮಾತು. ಎಮ್ಮೆ ತೂಕ ಎಷ್ಟೆಂದುಕೊಂಡಿರಿ? ಊರಿನವರೆಲ್ಲ ಸೀರೆಯ ಈ ತುದಿ ಹಿಡಿದರು, ಕೊಂಡಿ ಒಂದೊಂದಾಗಿ ಕಿರ್ ಎನ್ನತೊಡಗಿತು. ಸ್ಕೂಟರ್ ಚಾಲೂ ಮಾಡಿದರೆ ನನ್ನ ದನಿ ಕೇಳಿಸುವುದಿಲ್ಲ, ಮೇಡಂ! ಗೇಟು ಹಾಗೇ ಇರಲಿ, ನಾನು ಹಾಕಿಕೊಳ್ಳುತ್ತೇನೆ! ಅಷ್ಟರಲ್ಲಿ ಬಾವಿಯೊಳಗಿಂದ ಆ ಎಮ್ಮೆ ಏನು ಮಾಡಿತೆಂದರೆ, ಮೇಡಂ, ಸೆರಗನ್ನು ಬಾಯಿಂದ ಬಿಟ್ಟು